ಕಿಟಕಿಯಲ್ಲಿ ಎದ್ದು ನಿಂತ ಮೆತ್ತೆಗಿಡ

ಮೆತ್ತೆಯಕ್ಕ ಕಳೆದ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಚಹಾ ಕುದಿಸಿಟ್ಟು ಎಬ್ಬಿಸಲು ಹೋದ ಅವರ ಅಮ್ಮನಿಗೆ ಅದು ಮೊದಲು ಗೊತ್ತಾಯಿತು. ಅರವತ್ತು ದಾಟಿದ ಮಗಳನ್ನು ಎಂಬತ್ತು ದಾಟಿದ ತಾಯಿ ದಿನಾ ಕೂಗಿ ಎಬ್ಬಿಸುತ್ತಿದ್ದ ಮನೆ ಅದು. 'ಬೆಟ್ಟ ಹತ್ತೋಕೆ ಆಗತ್ತೆ, ಹಾಸಿಗೆ ಇಳಿಯೋಕೆ ಆಗಲ್ಲ' ಎಂಬ ಬೈಗುಳ ಗೋಡೆಯಾಚೆಯ ಮನೆಯವರಿಗೂ ಬಾಯಿಪಾಠವಾಗಿತ್ತು.

ಅವರ ಬಗ್ಗೆ 'ಇದ್ದರು', 'ಮಾಡುತ್ತಿದ್ದರು' ಎಂದು ಬರೆಯುವುದಕ್ಕೆ ಕೈ ಇನ್ನೂ ಒಗ್ಗಿಲ್ಲ. ಆದರೂ ಬರೆಯಬೇಕು. ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲಿನಲ್ಲಿ 'ನಿವೃತ್ತ ಸಸ್ಯವಿಜ್ಞಾನಿ' ಎಂದಿತ್ತು. ಅದನ್ನು ಓದಿದವರಿಗೆ ಅವರು ಸದ್ದಿಲ್ಲದೆ ಭುಜ ಕುಲುಕಿಸಿ ನಗುತ್ತಿದ್ದುದಾಗಲಿ, ಕೊನೆಯ ದಿನಗಳಲ್ಲಿ ಒಂದು ಸಣ್ಣ ಬಿಳಿ ಹೂವು ಅವರನ್ನು ಎಷ್ಟು ಕಾಡಿತೆಂಬುದಾಗಲಿ ಗೊತ್ತಾಗುವುದಿಲ್ಲ.

ಅವರ ಕೆಲಸ ಊರಿನ ಸಸ್ಯೋದ್ಯಾನದ ಹರ್ಬೇರಿಯಂನಲ್ಲಿ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಬಲಗಡೆ ಕೆಳಗೆ ಒಂದು ಚೀಟಿಯಲ್ಲಿ ಹೆಸರು, ಸಿಕ್ಕಿದ ಜಾಗ, ತಂದವರು ಯಾರು ಎಂದು ಬರೆದು, ಉಕ್ಕಿನ ಕಪಾಟಿನಲ್ಲಿ ಜೋಡಿಸಿಡುವ ಮನೆ ಅದು. ಉದ್ದನೆಯ ಕೋಣೆ, ಬೆಳಕಿಗೆ ಬಣ್ಣ ಹೋಗುತ್ತದೆಂದು ಸದಾ ಅರ್ಧ ಎಳೆದ ಪರದೆ, ಮೂಗಿಗೆ ಅಡರುವ ನುಸಿಗುಳಿಗೆಯ ವಾಸನೆ. ಕೊನೆಯ ಸಾಲಿನ ಕಪಾಟುಗಳು ಮೆತ್ತೆಯಕ್ಕನವು. ಹಿಮ ಬೀಳುವ ಎತ್ತರಗಳಿಂದ ತಂದ ಹೂಗಿಡಗಳೆಲ್ಲ ಅಲ್ಲಿದ್ದವು. ಯಾವುದು ಯಾವ ಕುಟುಂಬಕ್ಕೆ ಸೇರಿದ್ದು, ಯಾವುದರ ಪಕ್ಕ ಯಾವುದು ಇರಬೇಕು ಎಂದು ತೀರ್ಮಾನಿಸುವುದು ಅವರ ಜೀವಮಾನದ ಉದ್ಯೋಗ. ನಿವೃತ್ತಿಯಾದ ಮೇಲೂ ದಿನಾ ಹೋಗುತ್ತಿದ್ದರು. ಬಾಗಿಲು ಕಾಯುವವನು ಒಮ್ಮೆ ತಮಾಷೆಗೆ, "ಮೇಡಂ, ನಿಮಗಿನ್ನು ಸಂಬಳ ಇಲ್ಲ, ಗೊತ್ತಾ?" ಎಂದಿದ್ದಕ್ಕೆ, "ಗಿಡಗಳಿಗೂ ಇಲ್ಲ ಕಣಪ್ಪ" ಎಂದು ಒಳಗೆ ನಡೆದಿದ್ದರು.

ಮೆತ್ತೆಯಕ್ಕ ಎಂಬ ಅಡ್ಡಹೆಸರು ಇಟ್ಟವರು ಅಂಟಿನಣ್ಣ. ಗಿಡಗಳನ್ನು ಹಾಳೆಗೆ ಅಂಟಿಸುವ ಕೆಲಸ ಅವರದು. ಮೆತ್ತೆಯಕ್ಕ ಅವರನ್ನು ಅಣ್ಣ ಎನ್ನುತ್ತಿದ್ದರು, ಅವರು ಇವರನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಗಾಳಿ ಹೊಡೆಯುವ ಎತ್ತರದ ಕಣಿವೆದಾರಿಗಳಲ್ಲಿ ಕೆಲವು ಗಿಡಗಳು ನೆಲಕ್ಕೆ ಕಚ್ಚಿಕೊಂಡು, ದುಂಡಗೆ, ಬೆರಳು ತೂರದಷ್ಟು ಒತ್ತಾಗಿ, ತುಂಬಿದ ಮೆತ್ತೆಯ ಹಾಗೆ ಬೆಳೆಯುತ್ತವೆ. ಆ ಮೆತ್ತೆಗಿಡಗಳ ಮಾತು ಎತ್ತಿದರೆ ಮೆತ್ತೆಯಕ್ಕ ನಿಲ್ಲಿಸುತ್ತಿರಲಿಲ್ಲ. ಬಸ್ಸಿನ ಕಂಡಕ್ಟರಿಗೂ ಹೇಳುತ್ತಿದ್ದರು, ಹಲ್ಲು ಕೀಳುವ ಡಾಕ್ಟರಿಗೂ ಬಾಯಿ ತೆರೆದುಕೊಂಡೇ ಹೇಳಿದ್ದರು.

ಅಮ್ಮನಿಗೆ ಹೇಳಿಕೊಟ್ಟದ್ದು ಮಾತ್ರ ಬೇರೆ ಬಗೆಯಲ್ಲಿ. ಅಮ್ಮ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕಿ, ನರ್ಸುಗಳ ಅಂಗಿಗೆ ಗುಂಡಿ ಹೊಲಿದು ಒಬ್ಬಳೇ ಮಗಳನ್ನು ಓದಿಸಿದವರು. ಹೊಲಿಗೆಯ ಭಾಷೆಯಲ್ಲಿ ಹೇಳಿದರೆ ಯಾವುದೂ ಅವರಿಗೆ ಕಷ್ಟವಾಗುತ್ತಿರಲಿಲ್ಲ.

"ಅಮ್ಮಾ, ಚಳಿಗಾಲದಲ್ಲಿ ಬಸ್‌ಸ್ಟಾಪಲ್ಲಿ ಜನ ಹೇಗೆ ನಿಂತಿರ್ತಾರೆ?"

"ಹೇಗೆ ಅಂದ್ರೆ? ಕುತ್ತಿಗೆ ಒಳಗೆ ಎಳ್ಕೊಂಡು, ಕೈ ಕಂಕುಳಲ್ಲಿ ಇಟ್ಕೊಂಡು, ಮುದುಡ್ಕೊಂಡು."

"ದೂರದಿಂದ ನೋಡಿದ್ರೆ ಎಲ್ಲರೂ ಒಂದೇ ಥರ ಅಲ್ವಾ? ಹಾಗಂತ ಅವರೆಲ್ಲ ಒಂದೇ ಮನೆಯವರಾ?"

"ಒಂದೇ ಮನೆಯವರಾಗಿದ್ರೆ ಸೀಟಿಗೆ ಹಾಗೆ ಕಿತ್ತಾಡ್ತಿರ್ಲಿಲ್ಲ."

"ಅಷ್ಟೇ ವಿಷಯ. ಬೆಟ್ಟಗಳು ಲಕ್ಷಾಂತರ ವರ್ಷ ಮೇಲೇಳ್ತಾ ಹೋದವು. ಕೆಳಗಿದ್ದ ಗಿಡಗಳು ಒಂದೊಂದಾಗಿ ಮೇಲಕ್ಕೆ ಹೋದವು. ಸೇವಂತಿಗೆ ಮನೆತನದ್ದು ಒಂದು, ಕ್ಯಾರೆಟ್ ಮನೆತನದ್ದು ಒಂದು, ಕಾರ್ನೇಷನ್ ಮನೆತನದ್ದು ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ. ಆದ್ರೆ ಮೇಲೆ ಚಳಿ ಅನ್ನೋ ದರ್ಜಿ ಒಬ್ಬನೇ. ಯಾರು ಬಂದ್ರೂ ಒಂದೇ ಅಳತೆ ಕೋಟು ಹೊಲಿದು ಹಾಕ್ತಾನೆ. ಕಾಂಡ ಗಿಡ್ಡ, ಎಲೆ ಸಣ್ಣ, ಎಲ್ಲ ಒತ್ತಿಕೊಂಡು ದುಂಡಗೆ. ಒಳಗೆ ಹಳೇ ಎಲೆಗಳನ್ನ ಉದುರಿಸದೆ ಹಾಗೇ ಇಟ್ಕೊಂಡಿರತ್ತೆ, ಹತ್ತಿ ತುಂಬಿದ ಹಾಗೆ. ಹೊರಗಿನ ಗಾಳಿ ಕೊರೆಯುವಾಗ ಅದರ ಹೊಟ್ಟೆ ಬೆಚ್ಚಗಿರತ್ತೆ."

"ಹೂವು ಬಿಡೋಕೆ ಯಾವಾಗ ಪುರುಸೊತ್ತು ಅದಕ್ಕೆ?"

"ಅಲ್ಲಿ ಬೇಸಿಗೆ ಅನ್ನೋದು ಬಂದು ಹೋಗಿದ್ದೇ ಗೊತ್ತಾಗಲ್ಲ. ಅದಕ್ಕೇ ಎಷ್ಟೋ ಗಿಡಗಳು ಹಿಂದಿನ ವರ್ಷವೇ ಮೊಗ್ಗು ಮಾಡಿಟ್ಟಿರ್ತವೆ. ಹಿಮ ಕರಗಿದ ಕೂಡಲೇ ಬಿಚ್ಚೋದಷ್ಟೇ."

"ಜಾಣ ಗಿಡ. ನೀನು ನಾಳೆಯ ಬಟ್ಟೆ ಇವತ್ತು ಇಸ್ತ್ರಿ ಮಾಡಿಡಲ್ಲ."

ಕೋಟು ನೋಡಿ ನೆಂಟಸ್ತನ ಹೇಳಬಾರದು ಎಂಬುದು ಮೆತ್ತೆಯಕ್ಕ ಹರ್ಬೇರಿಯಂಗೆ ಬಂದ ಎಲ್ಲರಿಗೂ ಹೇಳುತ್ತಿದ್ದ ಮಾತು. ಚಳಿಗೆ ಮೈ ಬದಲಾದೀತು, ಹೂವಿನ ಒಳಗಿನ ಕಟ್ಟು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಆದ್ದರಿಂದ ಹೂವನ್ನು ವಿಚಾರಿಸಬೇಕು, ಕಾಯಿಯನ್ನು ವಿಚಾರಿಸಬೇಕು, ಬೀಜವನ್ನು ವಿಚಾರಿಸಬೇಕು. ಕೋಟಿಗೆ ಮರುಳಾಗಿ ಒಂದೇ ಮನೆಯವೆಂದು ಹಿಂದಿನವರು ಗುಡ್ಡೆಹಾಕಿದ್ದ ಎಷ್ಟೋ ಮೆತ್ತೆಗಿಡಗಳನ್ನು ಅವರು ಬಿಡಿಸಿ ಬೇರೆ ಬೇರೆ ಕಪಾಟಿಗೆ ಸೇರಿಸಿದ್ದರು. ಬೇರೆಯವರು ಪ್ರೀತಿಯಿಂದ ಇಟ್ಟ ಹೆಸರುಗಳು ಅದರಲ್ಲಿ ಹೋಗಿದ್ದವು. ಹೆಸರು ಹೋಗುವುದೆಂದರೆ ಹಳೆಯ ಚೀಟಿಯನ್ನು ಕಿತ್ತು ಬಿಸಾಡುವುದಲ್ಲ. ಹರ್ಬೇರಿಯಂನಲ್ಲಿ ಹಾಗೆ ಮಾಡುವಂತಿಲ್ಲ. ಮೊದಲು ಬರೆದವರ ಚೀಟಿ ಇದ್ದ ಹಾಗೇ ಇರುತ್ತದೆ. ಅದು ತಪ್ಪೆಂದು ಕಂಡವರು ತಮ್ಮ ಅಭಿಪ್ರಾಯವನ್ನು ಇನ್ನೊಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ, ಪಕ್ಕದಲ್ಲಿ ಅಂಟಿಸುತ್ತಾರೆ. ಕೆಲವು ಹಾಳೆಗಳಲ್ಲಿ ಗಿಡಕ್ಕಿಂತ ಚೀಟಿಗಳದೇ ದರ್ಬಾರು.

ಈ ಚಾಳಿ ಮೆತ್ತೆಯಕ್ಕನ ಜೊತೆ ಮನೆಗೂ ಬಂದಿತ್ತು. ಅಡುಗೆಮನೆಯ ಡಬ್ಬಗಳ ಮೇಲೆ ಹಳೆಯ ಚೀಟಿಯ ಪಕ್ಕ ಹೊಸ ಚೀಟಿ. 'ಉಪ್ಪು' ಎಂದಿದ್ದ ಡಬ್ಬದ ಮೇಲೆ ಪಕ್ಕದಲ್ಲೇ 'ಸಕ್ಕರೆ'. ಒಮ್ಮೆ ಬಂದ ನೆಂಟರೊಬ್ಬರು ಎಡಗಡೆಯ ಚೀಟಿಯನ್ನು ಮಾತ್ರ ಓದಿ ಅಡುಗೆ ಮಾಡಿ, ಎಲ್ಲರೂ ಮುಖ ಮುಖ ನೋಡಿಕೊಂಡು ಉಂಡಿದ್ದರು.

ಕಪಾಟುಗಳಲ್ಲಿ ಒಂದು ಹಾಳೆ ಕೆಂಪು ಅಂಚಿನ ಕವರಿನಲ್ಲಿತ್ತು. ಹೊಸ ಪ್ರಭೇದವೊಂದನ್ನು ಯಾವ ಗಿಡದ ಆಧಾರದ ಮೇಲೆ ಲೋಕಕ್ಕೆ ಸಾರಿದರೋ ಆ ಮೂಲ ಗಿಡಕ್ಕಷ್ಟೇ ಕೆಂಪು ಅಂಚು. ಈ ಹಾಳೆಯ ಗಿಡವನ್ನು ಮೆತ್ತೆಯಕ್ಕ ಚಿಕ್ಕ ವಯಸ್ಸಿನಲ್ಲಿ, ಬೇಸಿಗೆಯಲ್ಲಿ ಮಾತ್ರ ತೆರೆಯುವ ಒಂದು ಕಣಿವೆದಾರಿಯ ಕಲ್ಲುರಾಶಿಯಲ್ಲಿ ಕಂಡಿದ್ದರು. ಅಂಗೈಯಗಲದ ಮೆತ್ತೆ, ಕಾಂಡವೇ ಇಲ್ಲದೆ ನೇರ ಮೆತ್ತೆಯ ಮೇಲೇ ಕೂತ ಬಿಳಿ ಹೂಗಳು, ಅಂಚಿನಲ್ಲಿ ಕೂದಲಿರುವ ಪುಟ್ಟ ಎಲೆಗಳು. ಕಾರ್ನೇಷನ್ ಕುಟುಂಬದ್ದು ಎಂದು ಹೂವೇ ಹೇಳಿತು. ಆದರೆ ಕಪಾಟಿನ ಯಾವ ಹಾಳೆಗೂ ಅದು ಹೊಂದಲಿಲ್ಲ. ಹೊಸತೆಂದು ಸಾರಿದರು. ಅಮ್ಮನ ಹೆಸರಿಗೆ ಲ್ಯಾಟಿನ್ನಿನ ಬಾಲ ಸೇರಿಸಿ ಅದಕ್ಕಿಟ್ಟರು. ಅವರು ಇಡೀ ಜೀವಮಾನದಲ್ಲಿ ಹೊಸತೆಂದು ಹೆಸರಿಟ್ಟದ್ದು ಅದೊಂದೇ ಗಿಡಕ್ಕೆ.

"ಗಿಡಕ್ಕೆ ನನ್ನ ಹೆಸರಾ?" ಅಮ್ಮ ಅಂದು ಸೂಜಿ ಕೆಳಗಿಟ್ಟಿದ್ದರು. "ಎಷ್ಟೆತ್ತರ ಇದೆ?"

"ಒಂದು ಬೆರಳು."

"ಸರಿಯಾಗೇ ಇಟ್ಟಿದ್ದೀಯ."

ಅಮ್ಮ ಹೊಲಿಗೆಯಂತ್ರದ ಪೆಡಲ್ ಎಟುಕಲು ಕುರ್ಚಿಯ ತುದಿಗೆ ಬಂದು ಕೂರಬೇಕಾದಷ್ಟು ಗಿಡ್ಡ. ಅಂದಿನಿಂದ ಆ ಗಿಡದ ಫೋಟೋ ಮೊದಲು ಹೊಲಿಗೆ ಕೋಣೆಯ ಗೋಡೆಯ ಮೇಲೆ, ಕೆಲಸ ಬಿಟ್ಟ ಮೇಲೆ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ. ಔಷಧದ ಅಂಗಡಿಯವನಿಗೆ ಗೊತ್ತು, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಗೊತ್ತು. ಬ್ಯಾಂಕಿನಲ್ಲಿ ಗುರುತಿನ ಚೀಟಿ ಕೇಳಿದರೆ ಅಮ್ಮ, "ಹರ್ಬೇರಿಯಂಗೆ ಹೋಗಿ ನೋಡಿ, ಕೆಂಪು ಕವರಲ್ಲಿ ಇದ್ದೀನಿ" ಎನ್ನುತ್ತಿದ್ದರು. ಶಾಲೆ ಬೇಗ ಬಿಟ್ಟವರು, ಹೆಸರಿನ ಹಿಂದೆ ಮುಂದೆ ಏನೂ ಇಲ್ಲದವರು. ಆ ಹೆಸರನ್ನೇ ಒಂದು ಗಿಡ ಹೊತ್ತುಕೊಂಡಿತ್ತು. ಅದಕ್ಕಿಂತ ದೊಡ್ಡ ಬಿರುದು ಅವರಿಗೆ ಬೇಕಿರಲಿಲ್ಲ.

ಹಲವು ವರ್ಷಗಳ ನಂತರ ಯಾರೋ ಅದೇ ಕಣಿವೆದಾರಿಯಿಂದ ಜೀವಂತ ಮೆತ್ತೆಯೊಂದನ್ನು ಕಲ್ಲಿನ ಸಮೇತ ತಂದುಕೊಟ್ಟರು. ಸಸ್ಯೋದ್ಯಾನದ ತಣ್ಣನೆ ಕೋಣೆಯಲ್ಲಿ, ಸದಾ ಗುಂಯ್‌ಗುಡುವ ಯಂತ್ರದ ಪಕ್ಕ ಅದಕ್ಕೆ ಜಾಗ ಸಿಕ್ಕಿತು. ವರ್ಷಕ್ಕೊಮ್ಮೆ ಹೂ ಬಿಡುವ ಹೊತ್ತಿಗೆ ಅಮ್ಮ ಒಳ್ಳೆಯ ಬಟ್ಟೆ ಉಟ್ಟು, ಕೋಟಿನ ಮೇಲೆ ಶಾಲು ಹೊದ್ದು ನೋಡಲು ಬರುತ್ತಿದ್ದರು. ಹೋಗುವಾಗಲೆಲ್ಲ ಒಂದೇ ತಕರಾರು.

"ಇಷ್ಟು ಚಳಿಯಲ್ಲಿ ಇಟ್ಟಿದ್ದೀಯಲ್ಲೇ. ನಡುಗ್ತಾ ಇದೆ ಪಾಪ."

"ಅದಕ್ಕೆ ಅದೇ ಬೇಕಮ್ಮ."

"ಅದು ಬಾಯಿಬಿಟ್ಟು ಹೇಳಿತಾ?"

ಒಂದು ವರ್ಷ ಅಮ್ಮ ಕಾಲುನೋವೆಂದು ತಡವಾಗಿ ಬಂದರು. ಹೂ ಮುಗಿದು ಕಾಯಿ ಒಣಗಿತ್ತು. ಮಗಳು ಯಂತ್ರದವನ ಜೊತೆ ಮಾತಿಗೆ ತಿರುಗಿದ ಹೊತ್ತಿಗೆ ಅಮ್ಮ ಒಂದೆರಡು ಕಾಯಿ ಚಿವುಟಿ ಕನ್ನಡಕದ ಡಬ್ಬಿಗೆ ಹಾಕಿಕೊಂಡರು. ಆ ಡಬ್ಬಿ ಚಳಿಗಾಲವೆಲ್ಲ ಬಾಲ್ಕನಿಯ ಕಪಾಟಿನಲ್ಲಿತ್ತು. ವಸಂತದಲ್ಲಿ ಒಲೆಯ ಪಕ್ಕದ ಕಿಟಕಿಯಲ್ಲಿ ಒಂದು ಕುಂಡ ಕಾಣಿಸಿಕೊಂಡಿತು. ಅಮ್ಮ ಏನಾದರೂ ಒಂದು ಬೆಳೆಸುತ್ತಲೇ ಇರುತ್ತಿದ್ದುದರಿಂದ ಮೆತ್ತೆಯಕ್ಕ ಅದರ ಕಡೆ ನೋಡಲೇ ಇಲ್ಲ.

ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ, ಅಮ್ಮ ಕೈಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಿದಾಗ.

"ನೋಡು. ನಿನ್ನ ಹತ್ರ ಇದ್ದಾಗ ಗಿಡ್ಡಿ, ನನ್ನ ಹತ್ರ ಬಂದ ಮೇಲೆ ಹೇಗಾಗಿದ್ದಾಳೆ! ಸ್ವಲ್ಪ ಬೆಚ್ಚಗೆ ಇಟ್ರೆ ಯಾರು ಬೇಕಾದ್ರೂ ಬೆಳೀತಾರೆ."

ಕುಂಡದಲ್ಲಿ ಮೊಣಕೈಯುದ್ದದ ಗಿಡ. ಸಪೂರ ಕಾಂಡ, ಗೆಣ್ಣಿಗೊಂದು ಗಂಟು, ಗಂಟಿಗೆರಡು ಎಲೆ, ತುದಿಯಲ್ಲಿ ಕವಲೊಡೆದು ತೂಗುವ ಬಿಳಿ ಹೂಗಳು.

ಮೆತ್ತೆಯಕ್ಕನಿಗೆ ಅದನ್ನು ಗುರುತಿಸಲು ಕ್ಷಣ ಹಿಡಿಯಲಿಲ್ಲ. ಬೀದಿಬದಿಯ ಗೋಡೆಗಳ ಬಿರುಕಿನಲ್ಲಿ, ಚರಂಡಿಯ ಅಂಚಿನಲ್ಲಿ, ಬಸ್‌ಸ್ಟಾಪಿನ ಹಿಂದೆ ಎಲ್ಲೆಲ್ಲೂ ಬೆಳೆಯುವ, ಜನ ಗೋಡೆಚುಕ್ಕಿ ಎಂದು ಕರೆಯುವ ಕಳೆ ಅದು. ಮೊದಲು ಭುಜ ಕುಲುಕಿಸಿ ನಕ್ಕರು.

"ಅಮ್ಮಾ, ಇದು ಗೋಡೆಚುಕ್ಕಿ. ಮಣ್ಣಲ್ಲಿ ಕಳೆಬೀಜ ಇತ್ತು ಅನ್ಸತ್ತೆ. ನಿನ್ನ ಬೀಜ ಮೊಳೀಲಿಲ್ಲ."

"ಮಣ್ಣು ಆವಿಯಲ್ಲಿ ಬೇಯಿಸಿ ಹಾಕಿದ್ದೀನಿ ಕಣೇ. ಕಳೆ ಬರಬಾರ್ದು ಅಂದ್ರೆ ಬೇಯಿಸ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದು. ಹಾಲು ಕಾಯಿಸೋ ಪಾತ್ರೆ ಹಾಳಾಯ್ತು ಅಂತ ಆವತ್ತು ಬೈದಿದ್ದೂ ನೀನೇ."

ಬೈದದ್ದು ನೆನಪಾಯಿತು. ನಗು ಅರ್ಧಕ್ಕೆ ನಿಂತಿತು.

ಸೋಮವಾರ ಹರ್ಬೇರಿಯಂಗೆ ಹೋದವರು ಮೊದಲು ತಣ್ಣನೆ ಕೋಣೆಯ ಮೆತ್ತೆಯಿಂದ ಬೀಜ ತೆಗೆದರು, ಆಮೇಲೆ ಗೋಡೆಚುಕ್ಕಿಯ ಬೀಜ. ಎರಡನ್ನೂ ಪಕ್ಕಪಕ್ಕ ಇಟ್ಟು ಮಸೂರದಲ್ಲಿ ನೋಡಿದರು. ಕಂದು ಬೀಜದ ಮೈಮೇಲೆ ಸಾಲುಸಾಲಾಗಿ ಸಣ್ಣ ಉಬ್ಬುಗಳು, ಅಮ್ಮನ ಮಡಿಕೆಹೊಲಿಗೆಯ ಹಾಗೆ ಒತ್ತಾಗಿ. ಎರಡರದೂ ಒಂದೇ ಹೊಲಿಗೆ.

ಮೆತ್ತೆಯ ಬೀಜವನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಬೆಟ್ಟದ ಗಿಡಗಳ ಕೆಲಸದವರಿಗೆ ಇದೊಂದು ಹಳೆಯ ಬಲೆ. ಕಣಿವೆದಾರಿ ತೆರೆಯುವುದು ಹೂವಿನ ಕಾಲಕ್ಕೆ, ಬೀಜ ಕಟ್ಟುವ ಹೊತ್ತಿಗೆ ಮತ್ತೆ ಹಿಮ. ಹೋದವರೆಲ್ಲ ಹೂವನ್ನಷ್ಟೇ ತರುತ್ತಾರೆ. ಅಂದು ಹೂವು ಇವರಿಗೆ ಕಾರ್ನೇಷನ್ ಕುಟುಂಬದ್ದೆಂದು ಹೇಳಿತ್ತು, ಗೋಡೆಚುಕ್ಕಿಯ ಹತ್ತಿರದ್ದೆಂದೂ ಹೇಳಿತ್ತು. ಆದರೆ ಕಾಂಡವೇ ಇಲ್ಲದ ಈ ದುಂಡು ಮೈ, ಕೂದಲಂಚಿನ ಎಲೆ ಬೇರೆಯೇ ಎನ್ನಿಸಿತ್ತು. ಮುಂದೆ ತಣ್ಣನೆ ಕೋಣೆಯ ಗಿಡ ವರ್ಷ ವರ್ಷ ಬೀಜ ಕಟ್ಟಿದರೂ, ತಾವೇ ಹೆಸರಿಟ್ಟ ಗಿಡವನ್ನು ಮತ್ತೆ ವಿಚಾರಣೆಗೆ ಕರೆಯುವ ಯೋಚನೆ ಬರಲಿಲ್ಲ. ಬೇರೆ ಬೇರೆ ಮನೆಯವರು ಒಂದೇ ಕೋಟು ಹಾಕಿಕೊಂಡು ಮೋಸಗೊಳಿಸುತ್ತಾರೆ ಎಂದು ಜೀವಮಾನವಿಡೀ ಎಚ್ಚರಿಸಿದವರು, ಒಂದೇ ಮನೆಯವರು ಬೇರೆ ಕೋಟಿನಲ್ಲಿ ಬಂದಾಗ ಗುರುತು ಹಿಡಿಯಲಿಲ್ಲ.

"ಒಂದು ಕುಂಡ ನೋಡಿ ತೀರ್ಮಾನ ಮಾಡೋಕಾಗಲ್ಲ" ಎಂದು ಅಂಟಿನಣ್ಣನ ಮುಂದೆ ವಾದ ಹೂಡಿದರು. ಅಂಟಿನಣ್ಣ ಏನೂ ಹೇಳಿರಲಿಲ್ಲ. ವಾದ ತಮ್ಮ ಜೊತೆಗೇ. ತೊಳೆದ ಮರಳಿನ ತಟ್ಟೆಗಳಲ್ಲಿ ಬೆಟ್ಟದ ಬೀಜ, ಬೀದಿಯ ಬೀಜ ಬೇರೆ ಬೇರೆಯಾಗಿ ಬಿತ್ತಿದರು. ಎರಡರಲ್ಲೂ ಒಂದೊಂದು ತಟ್ಟೆ ಗಾಜಿನ ಮನೆಯ ಶಾಖದಲ್ಲಿ, ಒಂದೊಂದು ತಣ್ಣನೆ ಕೋಣೆಯಲ್ಲಿ. ಬೆಟ್ಟದ ಗಿಡ ತನ್ನ ಗುಣದಿಂದಲೇ ಗಿಡ್ಡವಾದರೆ ಬೆಚ್ಚಗಿಟ್ಟರೂ ಗಿಡ್ಡವೇ ಆಗಬೇಕು. ಅಂಥ ಗಿಡಗಳು ಬೇಕಾದಷ್ಟಿವೆ, ತಲೆಮಾರುಗಳ ಚಳಿ ಅವುಗಳ ಬೀಜಕ್ಕೇ ಇಳಿದಿರುತ್ತದೆ. ಇದೂ ಹಾಗೇ ಇರಲಿ ಎಂಬುದು ಅವರ ಆಸೆ.

ಆಸೆ ಫಲಿಸಲಿಲ್ಲ. ಬೆಚ್ಚಗಿದ್ದವೆರಡೂ ಒಂದರ ಪಕ್ಕ ಒಂದು ಉದ್ದವಾದವು. ಬೆಟ್ಟದ ಬೀಜದ ಗಿಡಕ್ಕೂ ಎಲೆಯಂಚಿನಲ್ಲಿ ಕೂದಲು ಮೂಡಲಿಲ್ಲ. ಚಳಿಯಲ್ಲಿದ್ದವೆರಡೂ, ಬಸ್‌ಸ್ಟಾಪಿನ ಹಿಂದಿನಿಂದ ತಂದ ಬೀಜದ್ದೂ ಸೇರಿ, ಮುದುಡಿ ಕೂತು ಕೂದಲು ಬಿಟ್ಟುಕೊಂಡವು. ತಟ್ಟೆಗಳ ಮೇಲಿನ ಗುರುತು ಮುಚ್ಚಿ ಅಂಟಿನಣ್ಣನನ್ನು ಕರೆದರು.

"ಇದರಲ್ಲಿ ಬೆಟ್ಟದ್ದು ಯಾವುದು, ಬೀದಿಯದ್ದು ಯಾವುದು ಹೇಳಿ."

ಅಂಟಿನಣ್ಣ ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ನನ್ನ ಕೈಲಿ ಆಗಲ್ಲ."

"ನನ್ನ ಕೈಲೂ ಆಗ್ಲಿಲ್ಲ."

ಆಮೇಲೆ ಅಂಟಿನಣ್ಣ ಮೆಲ್ಲಗೆ, "ಅಕ್ಕಾ, ಸುಮ್ಮನಿದ್ದುಬಿಡಿ" ಎಂದರು. "ಯಾರು ಕೇಳ್ತಾರೆ? ಇದರಿಂದ ಯಾರ ಮನೆ ಮುಳುಗತ್ತೆ? ಅಮ್ಮ ಇರೋ ತನಕ ಆದ್ರೂ ಇರ್ಲಿ. ಆಮೇಲೆ ನೋಡಿದ್ರಾಯ್ತು."

ಸುಮ್ಮನಿದ್ದರು. ಒಂದು ಚಳಿಗಾಲವಿಡೀ ಆ ಕೆಂಪು ಅಂಚಿನ ಕವರನ್ನು ಹೊರಗೆ ತೆಗೆಯಲಿಲ್ಲ. ಆದರೆ ಬೇರೆ ಹಾಳೆಗಳನ್ನು ತೆಗೆಯಬೇಕಾಗುತ್ತಿತ್ತು. ತೆಗೆದ ಹಾಳೆಗಳಲ್ಲಿ ತಮ್ಮದೇ ಅಕ್ಷರದ ಚೀಟಿಗಳು ಕಣ್ಣಿಗೆ ಬೀಳುತ್ತಿದ್ದವು. ಒಬ್ಬ ಹಿರಿಯರು ತೀರಿಹೋದ ಮಗಳ ಹೆಸರಿಟ್ಟಿದ್ದ ಗಿಡದ ಪಕ್ಕ, 'ಇದು ಪ್ರತ್ಯೇಕ ಪ್ರಭೇದವಲ್ಲ' ಎಂದು ಬರೆದು ಸಹಿ ಹಾಕಿದ್ದರು. ಅಂದು ಎರಡು ಸಲ ಯೋಚಿಸಿರಲಿಲ್ಲ. ಆ ಹಿರಿಯರು ನೋಡಲು ಬಂದು, ಓದಿ, "ಸರಿ" ಎಂದು ಹೋಗಿದ್ದರು. ಆ ಒಂದು "ಸರಿ" ಈಗ ಹೋದಲ್ಲಿ ಬಂದಲ್ಲಿ ಕೇಳಿಸುತ್ತಿತ್ತು.

ಮನೆಯಲ್ಲಿ ಕಿಟಕಿಯ ಕಡೆ ನೋಡುವುದನ್ನು ಬಿಟ್ಟರು. ಅಮ್ಮನಿಗೆ ಕಾಲು ನೋವು, ಕಿವಿ ಮಂದ, ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಷ್ಟು ಚುರುಕು.

"ಏನಾಯ್ತು ಹೇಳು" ಎಂದರು ಒಂದು ಬೆಳಿಗ್ಗೆ, ಚಹಾ ಲೋಟ ಕೈಗೆ ಕೊಡದೆ ಹಿಡಿದುಕೊಂಡೇ. "ಗಿಡಕ್ಕೆ ರೋಗಾನಾ, ನಿನಗಾ?"

ಮೆತ್ತೆಯಕ್ಕ ಹೇಳಿದರು. ದರ್ಜಿ, ಕೋಟು ಎಲ್ಲ ಸೇರಿಸಿ, ಸುತ್ತು ಬಳಸಿಲ್ಲದೆ. ಎರಡೂ ಒಂದೇ ಗಿಡ. ಒಂದೇ ಗಿಡಕ್ಕೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದು ಉಳಿಯುತ್ತದೆ. ಗೋಡೆಚುಕ್ಕಿಗೆ ಇವರು ಹುಟ್ಟುವ ಮೊದಲೇ ಹೆಸರಾಗಿತ್ತು.

"ಅಂದ್ರೆ ನಾನು ಗೋಡೆಚುಕ್ಕಿ" ಎಂದರು ಅಮ್ಮ. "ಚರಂಡಿ ಪಕ್ಕದ್ದು."

"ಅಮ್ಮಾ..."

"ನಾನು ಬೆಚ್ಚಗೆ ಇಟ್ಟಿದ್ದಕ್ಕೆ ಹೀಗಾಯ್ತಾ? ಅಲ್ಲೇ ಚಳಿಯಲ್ಲಿ ಬಿಟ್ಟಿದ್ರೆ?"

"ಬಿಟ್ಟಿದ್ರೂ ಅದು ಅದೇ ಗಿಡ. ಗೊತ್ತಾಗ್ತಿರ್ಲಿಲ್ಲ ಅಷ್ಟೆ."

"ಗೊತ್ತಾಗದೇ ಇದ್ದಿದ್ರೆ ಏನು ಗಂಟು ಹೋಗ್ತಿತ್ತು?"

ಅಮ್ಮ ಮಗಳ ಚಹಾವನ್ನು ತಾವೇ ಕುಡಿದು, ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದರು. ಸಂಜೆ ಬರುವಷ್ಟರಲ್ಲಿ ಫ್ರಿಜ್ಜಿನ ಮೇಲಿನ ಫೋಟೋ ಇರಲಿಲ್ಲ. ಆಮೇಲೆ ಮನೆಯಲ್ಲಿ ಮಾತು ಬರೀ ಕೆಲಸದ್ದು. ಬಾಗಿಲು ಹಾಕು. ಹಾಲು ಬಂತು. ಬೈಗುಳವೂ ನಿಂತುಹೋಗಿ, ಬೆಳಿಗ್ಗೆ ಬಾಗಿಲು ತಟ್ಟುವ ಸದ್ದಷ್ಟೇ ಉಳಿಯಿತು. ಅದು ಮೆತ್ತೆಯಕ್ಕನಿಗೆ ಎಲ್ಲಕ್ಕಿಂತ ಕಷ್ಟವಾಯಿತು. "ಬೈಯಿಸಿಕೊಳ್ಳದೆ ಎದ್ದರೆ ಎದ್ದ ಹಾಗೇ ಅನ್ನಿಸಲ್ಲ" ಎಂದು ಅಂಟಿನಣ್ಣನ ಬಳಿ ಹೇಳಿಕೊಂಡರು.

ಕುಂಡಕ್ಕೆ ನೀರು ಹಾಕುವುದನ್ನು ಮಾತ್ರ ಅಮ್ಮ ನಿಲ್ಲಿಸಲಿಲ್ಲ. ಒಂದು ದಿನ ಸಕ್ಕರೆ ಡಬ್ಬದ ಮುಂದೆ ನಿಂತು, ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ಹಳೇ ಚೀಟಿ ಕೀಳ್ತೀರಾ?"

"ಇಲ್ಲ. ಪಕ್ಕದಲ್ಲಿ ಅಂಟಿಸ್ತೀವಿ. ಕೆಂಪು ಕವರೂ ಹಾಗೇ ಇರತ್ತೆ."

"ಉಪ್ಪಿನ ಹಾಗೆ."

"ಉಪ್ಪಿನ ಹಾಗೆ."

"ಆದ್ರೂ ಒಳಗೆ ಇರೋದು ಸಕ್ಕರೆ ತಾನೇ" ಎಂದು ಅಮ್ಮ ಡಬ್ಬ ಮುಚ್ಚಿದರು.

ತೀರಿಕೊಂಡ ಮಂಗಳವಾರದ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಮೆತ್ತೆಯಕ್ಕ ಕೆಂಪು ಅಂಚಿನ ಕವರು ತೆರೆದು, ಹೊಸ ಚೀಟಿ ಬರೆದು ಸಹಿ ಹಾಕಿದರು. ಅಂಟು ಹಚ್ಚಿಕೊಟ್ಟವರು ಅಂಟಿನಣ್ಣ. ಹಳೆಯ ಚೀಟಿಯ ಒಂದು ಅಕ್ಷರವೂ ಮುಚ್ಚದ ಹಾಗೆ ನೋಡಿಕೊಂಡಿದ್ದರು.

ಸಂಜೆ ಮನೆಗೆ ಬಂದಾಗ ಅವರ ಕಂಕುಳಲ್ಲಿ ಗಿಡ ಒತ್ತುವ ಚೌಕಟ್ಟು ಇತ್ತು. ಎರಡು ಮರದ ಜಾಲರಿ, ನಡುವೆ ಹಳೆಯ ಪತ್ರಿಕೆಗಳು, ಬಿಗಿಯಲು ಚರ್ಮದ ಪಟ್ಟಿ. ಅಮ್ಮ ಅದನ್ನು ನೋಡಿ ಕಿಟಕಿಗೆ ಅಡ್ಡ ನಿಂತರು.

"ನನ್ನ ಗಿಡ ಕೀಳೋಕೆ ಬಂದ್ಯಾ? ಹೆಸರು ತೆಗೆದಿದ್ದು ಸಾಲ್ದಾ?"

"ಕೂತ್ಕೋ ಅಮ್ಮಾ. ನನ್ನ ಮಾತು ಹೇಗೆ ನಿಜ ಅಂತ ನಾಳೆ ಯಾರಾದ್ರೂ ಕೇಳಿದ್ರೆ, ಮೊದಲು ಎದ್ದು ನಿಂತ ಗಿಡ ಇದು ಅಂತ ತೋರಿಸ್ಬೇಕು. ತಟ್ಟೆಗಳದ್ದೆಲ್ಲ ಆಮೇಲೆ ಬಂದಿದ್ದು. ಇದಕ್ಕೊಂದು ಹಾಳೆ ಬೇಕು, ಕೆಂಪು ಕವರಿನ ಪಕ್ಕದಲ್ಲೇ."

"ಅದಕ್ಕೆ ನಾನೇನು ಮಾಡ್ಲಿ?"

"ಹಾಳೆಗೆ ಚೀಟಿ ಬರೀಬೇಕಲ್ಲ. ಬೆಳೆಸಿದವರನ್ನೇ ಕೇಳಿ ಬರೀಬೇಕು. ಎಲ್ಲಿ ಬೆಳೆದಿತ್ತು?"

"ನಿನಗೆ ಕಣ್ಣು ಕಾಣಲ್ವಾ?"

"ನಿಯಮ. ಹೇಳು."

ಅಮ್ಮ ಕುರ್ಚಿಯ ತುದಿಗೆ ಕೂತರು. "ಅಡುಗೆಮನೆ ಕಿಟಕಿ. ಒಲೆ ಪಕ್ಕ."

"ಬೀಜ ಎಲ್ಲಿಂದ?"

"ಕದ್ದಿದ್ದು ಅಂತ ಬರೀತೀಯಾ?"

"ತಣ್ಣನೆ ಕೋಣೆಯಿಂದ ಅಂತ ಬರೀತೀನಿ."

"ಹಾಗಾದ್ರೆ ಕನ್ನಡಕದ ಡಬ್ಬಿ ಅಂತಾನೂ ಸೇರಿಸು. ಮಣ್ಣು ಬೇಯಿಸಿದ್ದು ಬರಿ. ಪಾತ್ರೆ ಹಾಳಾಗಿದ್ದು ಬೇಡ."

ಮೆತ್ತೆಯಕ್ಕ ಬರೆದರು. 'ಬೆಳೆಸಿ ಸಂಗ್ರಹಿಸಿದವರು' ಎಂಬಲ್ಲಿ ಅಮ್ಮನ ಹೆಸರನ್ನು ಪೂರ್ತಿಯಾಗಿ, ಲ್ಯಾಟಿನ್ನಿನ ಬಾಲವಿಲ್ಲದೆ ಬರೆದು, ಚೀಟಿಯನ್ನು ಅವರ ಕೈಗೆ ಕೊಟ್ಟರು. ಅಮ್ಮ ಕಣ್ಣಿನ ಹತ್ತಿರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು.

"ಇದರ ಪಕ್ಕ ಯಾರಾದ್ರೂ ಬೇರೆ ಚೀಟಿ ಅಂಟಿಸ್ತಾರಾ?"

"ಗಿಡದ ಹೆಸರಿಗೆ ಅಂಟಿಸಬಹುದು. ಬೆಳೆಸಿದವರು ಯಾರು ಅನ್ನೋದಕ್ಕೆ ಯಾರೂ ಅಂಟಿಸೋ ಹಾಗಿಲ್ಲ."

ಅಮ್ಮ ಎದ್ದು ಹೋಗಿ ಕುಂಡವನ್ನು ತಾವೇ ತಂದು ಮೇಜಿನ ಮೇಲಿಟ್ಟರು. ಬೇರು ತುಂಡಾಗದ ಹಾಗೆ ಮಗಳು ಮಣ್ಣು ಬಿಡಿಸಿದರು, ತಾಯಿ ನೀರು ಹಾಕಿ ತೊಳೆದರು. ಗಿಡ ಕಾಗದಕ್ಕಿಂತ ಉದ್ದವಿತ್ತು. ಅಂಥದ್ದನ್ನು ಗೆಣ್ಣಿನ ನಡುವೆ ಮೆಲ್ಲಗೆ ಮಡಿಸಿ ಕೂರಿಸಬೇಕು.

"ಗಿಡ್ಡಿಯಾಗೇ ಇದ್ದಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ" ಎಂದರು ಅಮ್ಮ. ಮೆತ್ತೆಯಕ್ಕನ ಭುಜ ಕುಲುಕತೊಡಗಿತು. ಅಮ್ಮನೂ ನಕ್ಕರು.

ಒಂದು ಎಲೆಯನ್ನು ಬೆನ್ನು ಕಾಣುವ ಹಾಗೆ ತಿರುಗಿಸಿದರು. ಒಂದು ಹೂವು ಮುಖ ಮೇಲೆ ಮಾಡಿರಬೇಕು, ಒಂದು ಪಕ್ಕಕ್ಕೆ. ಯಾವ ಹೂವು ಮೇಲೆ ನೋಡಬೇಕೆಂದು ಅಮ್ಮನನ್ನೇ ಕೇಳಿದರು. ಅಮ್ಮ ತುದಿಯದನ್ನು ತೋರಿಸಿದರು. ದಳಗಳನ್ನು ಬೆರಳ ತುದಿಯಿಂದ ಬಿಡಿಸಿ, ಮೇಲೆ ಪತ್ರಿಕೆ ಮುಚ್ಚಿ, ಜಾಲರಿ ಇಟ್ಟು ಪಟ್ಟಿ ಬಿಗಿದರು. ಹಸಿ ಗಿಡ ಕಾಗದಕ್ಕೆ ನೀರು ಬಿಡುತ್ತದೆ. ಮಾರನೆಯ ದಿನವೇ ಒಣ ಕಾಗದ ಹಾಕದಿದ್ದರೆ ಹೂವು ಕಪ್ಪಾಗುತ್ತದೆ.

"ಬೆಳಿಗ್ಗೆ ಬೇಗ ಎಬ್ಬಿಸಮ್ಮ" ಎಂದರು ಮೆತ್ತೆಯಕ್ಕ. "ಕಾಗದ ಬದಲಾಯಿಸ್ಬೇಕು."

"ಬೆಟ್ಟ ಹತ್ತೋಕೆ ಆಗತ್ತೆ, ಹಾಸಿಗೆ ಇಳಿಯೋಕೆ ಆಗಲ್ಲ" ಎಂದರು ಅಮ್ಮ.

ಅದನ್ನು ಕೇಳಿಸಿಕೊಂಡು ಮಲಗುವ ಕೋಣೆಯ ಬಾಗಿಲವರೆಗೆ ಹೋದ ಮೆತ್ತೆಯಕ್ಕ ಏನೋ ನೆನಪಾದವರಂತೆ ತಿರುಗಿ ಬಂದು, ಚೌಕಟ್ಟನ್ನು ಎತ್ತಿ ಕಿಟಕಿಯಲ್ಲಿ ಕುಂಡವಿದ್ದ ಜಾಗದಲ್ಲೇ ಇಟ್ಟು, ಪಟ್ಟಿಯನ್ನು ಇನ್ನೊಂದು ತೂತಿನಷ್ಟು ಬಿಗಿಮಾಡಿದರು.